ಬೆಳಗಿನ ಹಾಲು ನಿನ್ನೆಯ ಲೆಕ್ಕಕ್ಕೆ: ಓದುಗರ ಡೇಟಾಬೇಸ್ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಗೆ ಆರಿಸಿಕೊಂಡ ಪತ್ರಗಳೆಲ್ಲವೂ ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳಿಂದ ಬಂದವು. ಬರೆದವರಲ್ಲಿ ಹೆಚ್ಚಿನವರು ಬಳಸುತ್ತಿರುವುದು ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶ. ಆದ್ದರಿಂದ ಉತ್ತರಗಳನ್ನು ಅದಕ್ಕೆ ಹೊಂದುವಂತೆ ಬರೆದು, ಪೋಸ್ಟ್‌ಗ್ರೆಸ್ ಅಥವಾ ಒರೇಕಲ್ ಬೇರೆ ರೀತಿಯಲ್ಲಿ ನಡೆದುಕೊಳ್ಳುವ ಕಡೆ ಮಾತ್ರ ಅದನ್ನು ಸೂಚಿಸಲಾಗಿದೆ.

ಪ್ರಶ್ನೆ: ನಮ್ಮದು ಹಾಲು ಉತ್ಪಾದಕರ ಸಹಕಾರ ಸಂಘ. ಬೆಳಿಗ್ಗೆ ಐದು ಗಂಟೆಗೆ ಹಾಲು ಅಳೆಯಲು ಆರಂಭಿಸುತ್ತೇವೆ. ಲೀಟರ್ ಮತ್ತು ಫ್ಯಾಟ್ ಎರಡೂ ಕಂಪ್ಯೂಟರ್‌ನಲ್ಲಿ ದಾಖಲಾಗುತ್ತವೆ. ಡೇಟಾಬೇಸನ್ನು ಕ್ಲೌಡ್ ಸರ್ವರ್‌ಗೆ ಸಾಗಿಸಿದ ಮೇಲೆ ಕೆಲವು ಸದಸ್ಯರ ಲೆಕ್ಕದಲ್ಲಿ ಒಂದೇ ದಿನ ಬೆಳಿಗ್ಗೆ ಎರಡು ಸಲ ಹಾಲು ಹಾಕಿದಂತೆಯೂ ಮರುದಿನ ಹಾಕದೇ ಇದ್ದಂತೆಯೂ ಬರುತ್ತಿದೆ. ಎಲ್ಲರಿಗೂ ಹೀಗಾಗುವುದಿಲ್ಲ, ಸಂಜೆಯ ಹಾಲಿಗಂತೂ ಒಮ್ಮೆಯೂ ಆಗಿಲ್ಲ. ಸದಸ್ಯರು ಜಗಳಕ್ಕೆ ಬರುತ್ತಿದ್ದಾರೆ. ಕಾರಣವೇನು?
– ಸಂಘದ ಕಾರ್ಯದರ್ಶಿ, ಭಾಲ್ಕಿ ತಾಲ್ಲೂಕು

ಉತ್ತರ: ಜಗಳಕ್ಕೆ ಬರುವವರು ಯಾರು ಎಂಬುದನ್ನು ಗಮನಿಸಿದರೆ ಕಾರಣ ತಾನಾಗಿ ಸಿಗುತ್ತದೆ: ಅವರು ನಸುಕಿನಲ್ಲಿಯೇ ಕ್ಯಾನ್ ಹಿಡಿದು ಬಂದು ಸಾಲಿನಲ್ಲಿ ಮೊದಲು ನಿಲ್ಲುವವರಾಗಿರಬೇಕು. ಕ್ಲೌಡ್ ಸರ್ವರ್‌ಗಳ ಗಡಿಯಾರವನ್ನು ಸಾಮಾನ್ಯವಾಗಿ ಯುಟಿಸಿ ಎಂಬ ಅಂತರರಾಷ್ಟ್ರೀಯ ಸಮಯಕ್ಕೆ ಹೊಂದಿಸಿರುತ್ತಾರೆ. ಅದು ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ ಇರುತ್ತದೆ. ನಿಮ್ಮಲ್ಲಿ ಬೆಳಿಗ್ಗೆ 5.10ಕ್ಕೆ ಅಳೆದ ಹಾಲು ಸರ್ವರ್‌ನ ಲೆಕ್ಕದಲ್ಲಿ ಹಿಂದಿನ ರಾತ್ರಿ 11.40ರದು. 5.30ರ ನಂತರ ಬಂದವರ ಹಾಲು ಮಾತ್ರ ಸರಿಯಾದ ದಿನಾಂಕಕ್ಕೆ ಸೇರುತ್ತದೆ. ಸೋಮವಾರ 5.40ಕ್ಕೆ, ಮಂಗಳವಾರ 5.10ಕ್ಕೆ ಬಂದ ಸದಸ್ಯರಿಗೆ ಸೋಮವಾರವೇ ಎರಡು ದಾಖಲೆಗಳಾಗಿ ಮಂಗಳವಾರ ಬರಿದಾಗುತ್ತದೆ. ಸಂಜೆಯ ಐದು ಗಂಟೆ ಸರ್ವರ್‌ನಲ್ಲಿ ಅದೇ ದಿನದ ಬೆಳಗಿನ 11.30 ಆಗುವುದರಿಂದ ಸಂಜೆಯ ಹಾಲಿಗೆ ತೊಂದರೆಯಿಲ್ಲ. ತಿಂಗಳ ಮೊದಲ ತಾರೀಖಿನ ಹಾಲು ಹಿಂದಿನ ತಿಂಗಳ ಬಿಲ್ಲಿಗೆ ಸೇರಿರುವ ಸಂಭವವೂ ಇದೆ, ಅದನ್ನೂ ಪರಿಶೀಲಿಸಿ.

ದುರಸ್ತಿಗೆ ಕೈಹಾಕುವ ಮೊದಲು ದಾಖಲಾದ ಸಮಯವನ್ನು ಇಡುವ ಕಾಲಂನ ಬಗೆ ಯಾವುದು ಎಂದು ನೋಡಿಕೊಳ್ಳಬೇಕು, ಏಕೆಂದರೆ ಮುಂದಿನ ದಾರಿ ಪೂರ್ತಿ ಅದರ ಮೇಲೆಯೇ ನಿಂತಿದೆ. ಅದು ‘ಟೈಮ್‌ಸ್ಟ್ಯಾಂಪ್’ ಆಗಿದ್ದರೆ ಮೈಎಸ್‌ಕ್ಯೂಎಲ್ ಒಳಗೆ ಯುಟಿಸಿಯಲ್ಲಿಯೇ ಇಟ್ಟುಕೊಂಡು, ಕೇಳಿದಾಗ ಸಂಪರ್ಕದ ಸಮಯವಲಯಕ್ಕೆ ಪರಿವರ್ತಿಸಿ ತೋರಿಸುತ್ತದೆ; ಹಾಗಾಗಿ ನಿಮ್ಮ ತಂತ್ರಾಂಶವು ಸಂಪರ್ಕ ಪಡೆದ ಕೂಡಲೇ ಸಮಯವಲಯವನ್ನು +05:30 ಎಂದು ಹೊಂದಿಸಿದರೆ ಸಾಕು, ಹಳೆಯ ದಾಖಲೆಗಳೂ ಸರಿಯಾಗಿಯೇ ಕಾಣುತ್ತವೆ. ಅದು ‘ಡೇಟ್‌ಟೈಮ್’ ಆಗಿದ್ದರೆ ಬರೆದದ್ದು ಬರೆದಂತೆಯೇ ಉಳಿದಿರುತ್ತದೆ. ಆಗ ಸಮಯವಲಯವನ್ನು ಬದಲಿಸಿದ ಕ್ಷಣದಿಂದ ಹೊಸ ಸಾಲುಗಳು ಭಾರತೀಯ ಸಮಯದಲ್ಲಿಯೂ ಹಳೆಯವು ಯುಟಿಸಿಯಲ್ಲಿಯೂ ಇದ್ದು ಒಂದೇ ಟೇಬಲ್‌ನಲ್ಲಿ ಎರಡು ಗಡಿಯಾರಗಳಾಗುತ್ತವೆ. ಕ್ಲೌಡ್‌ಗೆ ಹೋದ ದಿನದಿಂದ ಬದಲಾವಣೆ ಮಾಡುವ ಕ್ಷಣದವರೆಗಿನ ಸಾಲುಗಳಿಗೆ ಮಾತ್ರ, ಬ್ಯಾಕಪ್ ತೆಗೆದುಕೊಂಡ ಮೇಲೆ, ಒಂದೇ ಒಂದು ಬಾರಿ ಐದೂವರೆ ಗಂಟೆಯನ್ನು ಕೂಡಿಸಬೇಕು. ಅದೇ ಆಜ್ಞೆ ಕೈತಪ್ಪಿ ಎರಡನೆಯ ಸಲ ನಡೆದರೆ ಲೆಕ್ಕ ಇನ್ನೊಂದು ದಿಕ್ಕಿಗೆ ಕೆಡುತ್ತದೆ. ಆದ್ದರಿಂದ ಸರಿಪಡಿಸಿದ ಸಾಲುಗಳನ್ನು ಗುರುತಿಸಲು ಒಂದು ತಾತ್ಕಾಲಿಕ ಕಾಲಂ ಸೇರಿಸಿಕೊಳ್ಳುವುದು ಕ್ಷೇಮ. ಸಮಯವನ್ನು ಪರಿವರ್ತಿಸುವಾಗ ‘ಏಷ್ಯಾ/ಕೋಲ್ಕತಾ’ ಎಂಬ ಹೆಸರು ಕೊಟ್ಟರೆ, ಸರ್ವರ್‌ನಲ್ಲಿ ಸಮಯವಲಯದ ಟೇಬಲ್‌ಗಳನ್ನು ತುಂಬಿರದಿದ್ದಲ್ಲಿ ಉತ್ತರವಾಗಿ ನಲ್, ಅಂದರೆ ಮೌಲ್ಯವಿಲ್ಲದ ಖಾಲಿ ಉತ್ತರ ಬರುತ್ತದೆ. ನಮ್ಮ ದೇಶದಲ್ಲಿ ಬೇಸಿಗೆಗೊಮ್ಮೆ ಚಳಿಗಾಲಕ್ಕೊಮ್ಮೆ ಗಡಿಯಾರ ತಿರುಗಿಸುವ ಪದ್ಧತಿ ಇಲ್ಲವಾದ್ದರಿಂದ +05:30 ಎಂಬ ಅಂಕಿಯನ್ನೇ ಧೈರ್ಯವಾಗಿ ಬಳಸಬಹುದು.

ಇಷ್ಟು ಮಾಡಿದರೆ ಜಗಳ ನಿಲ್ಲುತ್ತದೆ. ಆದರೆ ನನ್ನ ದೃಷ್ಟಿಯಲ್ಲಿ ಮೂಲ ಕೊರತೆ ಬೇರೆಯೇ ಇದೆ: ಹಾಲು ಹಾಕಿದ ದಿನವನ್ನು ದಾಖಲಾದ ಕ್ಷಣದಿಂದ ಊಹಿಸಿಕೊಳ್ಳುವುದೇ ಸರಿಯಲ್ಲ. ಕರೆಂಟು ಹೋಗಿ, ಬೆಳಗಿನ ಚೀಟಿಗಳನ್ನು ಮಧ್ಯಾಹ್ನ ಕುಳಿತು ನಮೂದಿಸುವ ದಿನಗಳು ನಿಮ್ಮಲ್ಲಿಯೂ ಇರುತ್ತವಲ್ಲವೇ? ಹಾಲಿನ ದಿನಾಂಕಕ್ಕೆ ಒಂದು ಕಾಲಂ, ಬೆಳಿಗ್ಗೆಯೋ ಸಂಜೆಯೋ ಎಂಬುದಕ್ಕೆ ಇನ್ನೊಂದು ಕಾಲಂ ಇರಲಿ. ನಮೂದಿಸಿದ ಸಮಯ ತಪಾಸಣೆಗೆಂದು ಪ್ರತ್ಯೇಕವಾಗಿರಲಿ. ಸದಸ್ಯರ ಸಂಖ್ಯೆ, ದಿನಾಂಕ, ಹೊತ್ತು ಈ ಮೂರನ್ನೂ ಸೇರಿಸಿ ಯೂನಿಕ್ ನಿರ್ಬಂಧ ಹಾಕಿದರೆ ಒಬ್ಬರಿಗೆ ಒಂದು ಹೊತ್ತಿಗೆ ಎರಡು ದಾಖಲೆಗಳಾಗುವುದನ್ನು ಡೇಟಾಬೇಸ್ ತಾನೇ ತಡೆಯುತ್ತದೆ. ಒಬ್ಬರೇ ಸದಸ್ಯರು ಹಸುವಿನ ಹಾಲು, ಎಮ್ಮೆಯ ಹಾಲು ಎರಡನ್ನೂ ಬೇರೆಬೇರೆಯಾಗಿ ಹಾಕುವುದಿದ್ದರೆ ಹಾಲಿನ ಬಗೆಯನ್ನೂ ಆ ನಿರ್ಬಂಧಕ್ಕೆ ಸೇರಿಸಲು ಮರೆಯಬೇಡಿ.

ಪ್ರಶ್ನೆ: ನಮ್ಮ ದಾಲ್ ಮಿಲ್‌ಗೆ ತೊಗರಿ ತರುವ ರೈತರಿಗೆ ದರ ಮತ್ತು ಪಾವತಿಯ ವಿವರವನ್ನು ಎಸ್‌ಎಂಎಸ್ ಮೂಲಕ ತಿಳಿಸುತ್ತೇವೆ. ಹೊಸ ತಂತ್ರಾಂಶಕ್ಕೆ ಹಳೆಯ ಪಟ್ಟಿಯನ್ನು ತುಂಬಿದ ಮೇಲೆ ಎಲ್ಲ ರೈತರ ಮೊಬೈಲ್ ಸಂಖ್ಯೆಯೂ 2147483647 ಎಂದೇ ಬರುತ್ತಿದೆ. ಇದು ವೈರಸ್ ಇರಬಹುದೇ?
– ಲೆಕ್ಕಿಗರು, ಕಲಬುರಗಿ

ಉತ್ತರ: ವೈರಸ್ ಅಲ್ಲ. ‘ಇಂಟ್’ ಬಗೆಯ ಕಾಲಂ ಹಿಡಿದಿಡಬಲ್ಲ ಅತಿ ದೊಡ್ಡ ಸಂಖ್ಯೆಯೇ ಅದು. ನಮ್ಮ ಮೊಬೈಲ್ ಸಂಖ್ಯೆಗಳು 6ರಿಂದ 9ರವರೆಗಿನ ಅಂಕಿಯಿಂದ ಆರಂಭವಾಗುವ ಹತ್ತಂಕಿಯವಾದ್ದರಿಂದ ಒಂದೂ ಆ ಮಿತಿಯೊಳಗೆ ಬರುವುದಿಲ್ಲ. ‘ಸ್ಟ್ರಿಕ್ಟ್’ ಮೋಡ್ ಜಾರಿಯಲ್ಲಿದ್ದಿದ್ದರೆ ಮೈಎಸ್‌ಕ್ಯೂಎಲ್ ಮೊದಲನೆಯ ಸಾಲಿಗೇ ತಕರಾರು ತೆಗೆದು ನಿಲ್ಲುತ್ತಿತ್ತು. ಅದನ್ನು ಯಾರೋ ತೆಗೆದುಹಾಕಿರುವುದರಿಂದ ಪ್ರತಿ ಸಂಖ್ಯೆಯನ್ನೂ ಮಿತಿಗೆ ಕತ್ತರಿಸಿ, ಯಾರೂ ಓದದ ಒಂದು ಎಚ್ಚರಿಕೆಯನ್ನಷ್ಟೇ ಕೊಟ್ಟು ಮುಂದೆ ಹೋಗಿದೆ. 5.7ನೆಯ ಆವೃತ್ತಿಯಿಂದ ಈಚೆಗೆ ಈ ಮೋಡ್ ತಾನಾಗಿಯೇ ಇರುತ್ತದೆ. ಹಳೆಯ ತಂತ್ರಾಂಶ ಓಡಲೆಂದು ಅದನ್ನು ನಿಲ್ಲಿಸುವ ಅಭ್ಯಾಸ ನಮ್ಮಲ್ಲಿ ಬಹಳವಿದೆ, ಮತ್ತು ಅದರ ದಂಡ ತೆರುವವರು ನಿಮ್ಮಂಥವರು.

ಕತ್ತರಿಸಿಹೋದ ಸಂಖ್ಯೆಗಳು ಆ ಕಾಲಂನಿಂದ ಮರಳಿ ಬರುವುದಿಲ್ಲ. ಹಳೆಯ ಪಟ್ಟಿ ಎಕ್ಸೆಲ್‌ನಲ್ಲಿಯೋ ವಹಿಯಲ್ಲಿಯೋ ಇದ್ದೇ ಇರುತ್ತದೆ, ಅದರಿಂದಲೇ ಮತ್ತೆ ತುಂಬಬೇಕು. ಅದಕ್ಕೆ ಮೊದಲು ಕಾಲಂ ಅನ್ನು 16 ಅಕ್ಷರಗಳ ‘ವಾರ್ಚಾರ್’ (ಪಠ್ಯ ಹಿಡಿದಿಡುವ ಬಗೆ) ಆಗಿ ಬದಲಿಸಿ. ದೊಡ್ಡ ಸಂಖ್ಯೆ ಹಿಡಿಸುವ ‘ಬಿಗ್‌ಇಂಟ್’ ಸಾಲದೇ ಎಂದು ಕೇಳಬಹುದು. ಮೊಬೈಲ್‌ಗೆ ಸಾಕಾಗುತ್ತದೆ, ಆದರೆ ಕಲಬುರಗಿಯ ಸ್ಥಿರ ದೂರವಾಣಿಯ 08472 ಎಂಬ ಸಂಕೇತದ ಮುಂದಿನ ಸೊನ್ನೆ ಅದರಲ್ಲಿ ಉಳಿಯುವುದಿಲ್ಲ. ಕೂಡಿ ಕಳೆಯದ ಅಂಕಿಗಳನ್ನು ಸಂಖ್ಯೆಯ ಕಾಲಂನಲ್ಲಿ ಇಡುವ ಅಗತ್ಯವೇ ಇಲ್ಲ.

ಇದೇ ಪಟ್ಟಿಯಲ್ಲಿ ರೈತರ ಹೊಲದ ಸರ್ವೆ ನಂಬರ್ ಇದ್ದರೆ ಅದನ್ನೂ ಇವತ್ತೇ ನೋಡಿ. 45/2 ಎಂಬುದು ಸಂಖ್ಯೆಯ ಕಾಲಂಗೆ ಹೋದರೆ 45 ಉಳಿದು ಹಿಸ್ಸಾ ಮಾಯವಾಗುತ್ತದೆ, ಅಣ್ಣತಮ್ಮಂದಿರ ಹೊಲಗಳು ಒಂದಾಗಿಬಿಡುತ್ತವೆ. 5/2 ಎಂಬುದು ಎಕ್ಸೆಲ್‌ನ ಮೂಲಕ ಹಾದುಬಂದರೆ ತಾರೀಖಾಗಿ ಬದಲಾಗಿರುವ ಸಾಧ್ಯತೆಯೂ ಇದೆ. ತುಂಬುವ ಮೊದಲು ಎಕ್ಸೆಲ್‌ನಲ್ಲಿ ಆ ಕಾಲಂ ಅನ್ನು ‘ಟೆಕ್ಸ್ಟ್’ ಎಂದು ಗೊತ್ತುಪಡಿಸಿಕೊಳ್ಳಬೇಕು.

ಪ್ರಶ್ನೆ: ಶುಲ್ಕ ಕಟ್ಟದ ವಿದ್ಯಾರ್ಥಿಗಳ ಪಟ್ಟಿ ಬೇಕಿತ್ತು. ವಿದ್ಯಾರ್ಥಿಗಳ ಟೇಬಲ್‌ನಲ್ಲಿದ್ದು ಶುಲ್ಕದ ಟೇಬಲ್‌ನಲ್ಲಿ ಇಲ್ಲದವರನ್ನು ‘ನಾಟ್ ಇನ್’ ಬಳಸಿ ಕೇಳಿದೆ. ಒಂದೂ ಸಾಲು ಬರಲಿಲ್ಲ. ಕಟ್ಟದವರು ಬಹಳ ಮಂದಿ ಇದ್ದಾರೆಂದು ನಮಗೆಲ್ಲ ಗೊತ್ತು.
– ಕಾಲೇಜಿನ ಕಚೇರಿ ಸಹಾಯಕಿ, ಯಾದಗಿರಿ

ಉತ್ತರ: ಶುಲ್ಕದ ಟೇಬಲ್‌ನಲ್ಲಿ ನೋಂದಣಿ ಸಂಖ್ಯೆಯ ಜಾಗದಲ್ಲಿ ನಲ್ ಇರುವ ಸಾಲು ಒಂದಾದರೂ ಇರಬೇಕು, ರಸೀದಿ ಹರಿದುಕೊಟ್ಟು, ಯಾರದೆಂದು ಆಮೇಲೆ ಬರೆಯೋಣವೆಂದು ಬಿಟ್ಟ ಸಾಲು ಅದಾಗಿರಬಹುದು. ನಲ್ ಎಂದರೆ ಸೊನ್ನೆಯಲ್ಲ, ‘ಮೌಲ್ಯ ತಿಳಿಯದು’ ಎಂಬ ಸ್ಥಿತಿ. ‘ಈ ವಿದ್ಯಾರ್ಥಿ ಆ ಪಟ್ಟಿಯಲ್ಲಿ ಇಲ್ಲವೇ?’ ಎಂದು ಕೇಳಿದಾಗ, ಹೆಸರಿಲ್ಲದ ಆ ರಸೀದಿ ಇದೇ ವಿದ್ಯಾರ್ಥಿಯದೂ ಆಗಿರಬಹುದಾದ್ದರಿಂದ, ‘ಇಲ್ಲ’ ಎಂದು ಖಚಿತವಾಗಿ ಹೇಳಲು ಡೇಟಾಬೇಸ್‌ಗೆ ಸಾಧ್ಯವಾಗುವುದಿಲ್ಲ. ಉತ್ತರ ನಿಜವೂ ಅಲ್ಲದೆ ಸುಳ್ಳೂ ಅಲ್ಲದೆ ‘ಗೊತ್ತಿಲ್ಲ’ ಎಂದಾಗುತ್ತದೆ. ‘ವೇರ್’ ಷರತ್ತು ನಿಜವೆಂದು ಸಿದ್ಧವಾದ ಸಾಲುಗಳನ್ನಷ್ಟೇ ಬಿಡುವುದರಿಂದ ಪಟ್ಟಿ ಬರಿದಾಗುತ್ತದೆ. ಇದು ದೋಷವಲ್ಲ, ಎಸ್‌ಕ್ಯೂಎಲ್‌ನ ನಿಯಮವೇ ಹೀಗೆ. ಪೋಸ್ಟ್‌ಗ್ರೆಸ್‌ನಲ್ಲಿಯೂ ಒರೇಕಲ್‌ನಲ್ಲಿಯೂ ಇದೇ ಫಲ ಬರುತ್ತದೆ. ಒರೇಕಲ್ ಖಾಲಿ ಪಠ್ಯವನ್ನೂ ನಲ್ ಎಂದೇ ಎಣಿಸುವುದರಿಂದ ಅಲ್ಲಿ ಇನ್ನಷ್ಟು ಜಾಗ್ರತೆ ಬೇಕು.

‘ನಾಟ್ ಇನ್’ ಬಿಟ್ಟು ‘ನಾಟ್ ಎಕ್ಸಿಸ್ಟ್ಸ್’ ಬಳಸಿ. ಅದು ಹೊಂದುವ ಸಾಲು ಇದೆಯೇ ಇಲ್ಲವೇ ಎಂದಷ್ಟೇ ನೋಡುವುದರಿಂದ ನಲ್ ಅಡ್ಡಬರುವುದಿಲ್ಲ. ಆದರೆ ಹಾಗೆ ಬಂದ ಪಟ್ಟಿಯನ್ನು ಸೂಚನಾ ಫಲಕಕ್ಕೆ ಹಚ್ಚುವ ಮೊದಲು ಆ ಹೆಸರಿಲ್ಲದ ರಸೀದಿಗಳು ಯಾರವೆಂದು ಪತ್ತೆಮಾಡಿ. ದುಡ್ಡು ಕಟ್ಟಿದವರ ಹೆಸರು ಬಾಕಿದಾರರ ಪಟ್ಟಿಯಲ್ಲಿ ಬರುವುದಕ್ಕಿಂತ ಬರಿದಾದ ಪಟ್ಟಿಯೇ ಮೇಲು. ನಂತರ ಆ ಕಾಲಂಗೆ ‘ನಾಟ್ ನಲ್’ ನಿರ್ಬಂಧ ಹಾಕಿಬಿಡಿ.

ಪ್ರಶ್ನೆ: ನಮ್ಮ ಸಂಸ್ಥೆಯ ಫಲಾನುಭವಿಗಳ ಪಟ್ಟಿ 2008ರಿಂದ ಇದೆ. ಜಿಲ್ಲಾವಾರು ಎಣಿಕೆ ಕೇಳಿದರೆ ಗುಲ್ಬರ್ಗ, ಗುಲಬರ್ಗಾ, ಕಲಬುರ್ಗಿ, ಕಲಬುರಗಿ ಎಂದು ನಾಲ್ಕು ಸಾಲುಗಳು ಬರುತ್ತವೆ. ಎಲ್ಲವನ್ನೂ ‘ಕಲಬುರಗಿ’ ಎಂದು ಒಂದೇ ಅಪ್‌ಡೇಟ್‌ನಲ್ಲಿ ಬದಲಿಸಬಹುದೇ?
– ಡೇಟಾ ಎಂಟ್ರಿ ಮೇಲ್ವಿಚಾರಕರು, ಕಲಬುರಗಿ

ಉತ್ತರ: ದಯವಿಟ್ಟು ಬೇಡ. ಗುಲ್ಬರ್ಗ ನಗರದ ಹೆಸರು ಅಧಿಕೃತವಾಗಿ ಕಲಬುರಗಿ ಆದದ್ದು 1-11-2014ರಂದು; ಅಷ್ಟೇ ಆಗಿದ್ದರೆ ನಿಮ್ಮ ಉಪಾಯ ನಡೆಯುತ್ತಿತ್ತು. ಆದರೆ ನಿಮ್ಮ ಪಟ್ಟಿ ಆರಂಭವಾದಾಗ ಯಾದಗಿರಿ ಇನ್ನೂ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ. 2008ರಲ್ಲಿ ಸುರಪುರ, ಶಹಾಪುರ, ಯಾದಗಿರಿ ತಾಲ್ಲೂಕುಗಳ ಫಲಾನುಭವಿಗಳನ್ನು ಗುಲ್ಬರ್ಗ ಜಿಲ್ಲೆಯವರೆಂದು ಬರೆದದ್ದು ಆಗ ಸರಿಯೇ ಆಗಿತ್ತು. ಒಂದೇ ಅಪ್‌ಡೇಟ್‌ನಲ್ಲಿ ಎಲ್ಲವನ್ನೂ ಕಲಬುರಗಿ ಎಂದು ಮಾಡಿದರೆ ಸುರಪುರದ ಜನ ಶಾಶ್ವತವಾಗಿ ತಪ್ಪು ಜಿಲ್ಲೆಗೆ ಸೇರುತ್ತಾರೆ, ಮೂಲದಲ್ಲಿ ಏನಿತ್ತೆಂದು ನೋಡಲು ಸಹ ಉಳಿಯುವುದಿಲ್ಲ.

ಬರೆದುಕೊಂಡು ಬಂದ ಹೆಸರಿನ ಕಾಲಂ ಅನ್ನು ಮುಟ್ಟದೆ ಹಾಗೆಯೇ ಇರಿಸಿ. ಪಕ್ಕದಲ್ಲಿ ತಾಲ್ಲೂಕು ಸಂಕೇತದ ಕಾಲಂ ಒಂದನ್ನು ಸೇರಿಸಿ, ತಾಲ್ಲೂಕುಗಳಿಗೊಂದು ಜಿಲ್ಲೆಗಳಿಗೊಂದು ಪ್ರತ್ಯೇಕ ಟೇಬಲ್ ಮಾಡಿ, ಯಾವ ತಾಲ್ಲೂಕು ಯಾವ ಜಿಲ್ಲೆಗೆ ಸೇರಿದೆ ಎಂಬುದು ಅಲ್ಲಿ ಒಂದೇ ಕಡೆ ಇರಲಿ. ಸಂಕೇತಗಳನ್ನು ನೀವೇ ಕಲ್ಪಿಸಿಕೊಳ್ಳುವ ಬದಲು ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ‘ಲೋಕಲ್ ಗವರ್ನಮೆಂಟ್ ಡೈರೆಕ್ಟರಿ’ಯಲ್ಲಿ ಜಿಲ್ಲೆ, ತಾಲ್ಲೂಕು, ಗ್ರಾಮ ಪ್ರತಿಯೊಂದಕ್ಕೂ ಕೊಟ್ಟಿರುವ ಸಂಕೇತವನ್ನೇ ಬಳಸಿದರೆ ಮುಂದೆ ಸರ್ಕಾರಿ ಪಟ್ಟಿಗಳೊಡನೆ ಹೋಲಿಸುವುದು ಸುಲಭವಾಗುತ್ತದೆ. ಹೊಸ ತಾಲ್ಲೂಕುಗಳ ವಿಷಯದಲ್ಲಿ ಎಚ್ಚರವಿರಲಿ: ಕಮಲಾಪುರ ಕಲಬುರಗಿ ಜಿಲ್ಲೆಯದು, ಕಮಲನಗರ ಬೀದರ್ ಜಿಲ್ಲೆಯದು, ಅವಸರದಲ್ಲಿ ಟೈಪ್ ಮಾಡುವವರ ಕೈಯಲ್ಲಿ ಇವೆರಡೂ ಅದಲುಬದಲಾಗುತ್ತವೆ. ಗುರುಮಠಕಲ್, ವಡಗೇರಾ, ಹುಣಸಗಿ ಈಗ ಯಾದಗಿರಿ ಜಿಲ್ಲೆಯ ಪ್ರತ್ಯೇಕ ತಾಲ್ಲೂಕುಗಳಾದ್ದರಿಂದ ಹಳೆಯ ದಾಖಲೆಯಲ್ಲಿ ತಾಲ್ಲೂಕಿನ ಹೆಸರು ಮಾತ್ರ ಇದ್ದರೆ ಸಾಲದು, ಗ್ರಾಮದ ಹೆಸರನ್ನೂ ನೋಡಬೇಕಾಗುತ್ತದೆ.

ಕಣ್ಣಿಗೆ ಒಂದೇ ಆಗಿ ಕಾಣುವ ಹೆಸರು ಎರಡು ಸಾಲುಗಳಾಗಿ ಬಂದರೆ ಕೊನೆಯಲ್ಲಿ ಅಂಟಿಕೊಂಡ ಖಾಲಿ ಜಾಗವನ್ನು ಹುಡುಕಿ. ಮೈಎಸ್‌ಕ್ಯೂಎಲ್‌ನ ಹಳೆಯ ಕೊಲೇಷನ್‌ಗಳು (ಅಕ್ಷರಗಳನ್ನು ಹೋಲಿಸುವ ನಿಯಮಗಳು) ಅದನ್ನು ಲೆಕ್ಕಿಸುತ್ತಿರಲಿಲ್ಲ, 8.0ರಲ್ಲಿ ತಾನಾಗಿ ಬರುವ ಕೊಲೇಷನ್ ಅದನ್ನು ಬೇರೆಯೆಂದೇ ಎಣಿಸುತ್ತದೆ.

ಪ್ರಶ್ನೆ: ಬೀಜ ಗೊಬ್ಬರದ ಅಂಗಡಿ ನಮ್ಮದು. ಒಂದು ಗೊಬ್ಬರದ ದರ ಬದಲಿಸಲು ಹೋಗಿ, ‘ವೇರ್’ ಬರೆಯದೆ ಅಪ್‌ಡೇಟ್ ಒತ್ತಿದ್ದರಿಂದ ಎಲ್ಲ ವಸ್ತುಗಳ ದರವೂ ಒಂದೇ ಆಗಿದೆ. ಬ್ಯಾಕಪ್ ಒಂದು ತಿಂಗಳು ಹಳೆಯದು. ದಾರಿಯಿದೆಯೇ?
– ವ್ಯಾಪಾರಿ, ಹುಮನಾಬಾದ್

ಉತ್ತರ: ಇದೆ, ಆದರೆ ಮೊದಲು ಬಿಲ್ಲಿಂಗ್ ನಿಲ್ಲಿಸಿ. ಹಳೆಯ ಬ್ಯಾಕಪ್ಪನ್ನು ಈಗಿನ ಡೇಟಾಬೇಸ್ ಮೇಲೆ ಸುರಿಯಬೇಡಿ. ಹಾಗೆ ಮಾಡಿದರೆ ಒಂದು ತಿಂಗಳ ಬಿಲ್ಲುಗಳೂ ಹೋಗುತ್ತವೆ.

ನಿಮ್ಮ ಬಿಲ್ಲಿನ ಪ್ರತಿ ಸಾಲಿನಲ್ಲಿಯೂ ಮಾರಿದ ದರ ದಾಖಲಾಗಿದ್ದರೆ ಕೆಲಸ ಅರ್ಧ ಮುಗಿದಂತೆ. ಪ್ರತಿ ವಸ್ತುವಿಗೂ ಈ ಅನಾಹುತಕ್ಕೆ ಮೊದಲಿನ ಕೊನೆಯ ಬಿಲ್ಲನ್ನು ಹುಡುಕಿ, ಅದರಲ್ಲಿರುವ ದರವನ್ನು ತೆಗೆದುಕೊಳ್ಳಿ. ರಿಯಾಯಿತಿ ಕೊಟ್ಟು ಮಾರಿದ್ದರೆ ರಿಯಾಯಿತಿಗೆ ಮುಂಚಿನ ದರ ಯಾವ ಕಾಲಂನಲ್ಲಿದೆ ಎಂದು ನೋಡಿಕೊಳ್ಳಬೇಕು. ಈ ತಿಂಗಳು ಮಾರಾಟವೇ ಆಗದ ವಸ್ತುಗಳಿಗೆ ಮಾತ್ರ ಬ್ಯಾಕಪ್ಪಿನ ದರ ಸಾಕು: ಬ್ಯಾಕಪ್ಪನ್ನು ಬೇರೆ ಹೆಸರಿನ ಡೇಟಾಬೇಸ್‌ಗೆ ತೆರೆದು, ವಸ್ತುವಿನ ಸಂಕೇತವನ್ನು ಜೋಡಿಸಿ, ದರದ ಕಾಲಂ ಒಂದನ್ನಷ್ಟೇ ತನ್ನಿ. ಪ್ರತಿ ಬದಲಾವಣೆಯನ್ನೂ ಬರೆದಿಡುವ ಬೈನರಿ ಲಾಗ್ ಚಾಲೂ ಇದ್ದರೆ ಇನ್ನೂ ಖಚಿತವಾದ ದಾರಿಯುಂಟು: ಬ್ಯಾಕಪ್ ತೆಗೆದ ಕ್ಷಣದಿಂದ ಆ ಅಪ್‌ಡೇಟ್‌ನ ಹಿಂದಿನ ಕ್ಷಣದವರೆಗಿನ ಬದಲಾವಣೆಗಳನ್ನು ಆ ಬೇರೆ ಡೇಟಾಬೇಸ್‌ಗೆ ಮತ್ತೆ ಹಾಯಿಸಬಹುದು. 8.0ರಲ್ಲಿ ಈ ಲಾಗ್‌ಗಳು ತಾನಾಗಿ 30 ದಿನ ಉಳಿದು ಆಮೇಲೆ ಅಳಿಸಿಹೋಗುತ್ತವೆ. ನಿಮ್ಮ ಬ್ಯಾಕಪ್ ಒಂದು ತಿಂಗಳು ಹಳೆಯದಾದ್ದರಿಂದ ಇಂದೇ ಅವುಗಳ ಪ್ರತಿ ತೆಗೆದಿಟ್ಟುಕೊಳ್ಳಿ.

ಇನ್ನು ಮುಂದೆ ಕೈಯಿಂದ ಅಪ್‌ಡೇಟ್ ಬರೆಯುವಾಗ ಅದೇ ‘ವೇರ್’ ಷರತ್ತಿನಿಂದ ಮೊದಲು ‘ಸೆಲೆಕ್ಟ್’ ಮಾಡಿ ಎಷ್ಟು ಸಾಲು ಬರುತ್ತವೆಂದು ನೋಡಿ, ಟ್ರಾನ್ಸಾಕ್ಷನ್ ತೆರೆದು ಅಪ್‌ಡೇಟ್ ನಡೆಸಿ, ಬದಲಾದ ಸಾಲುಗಳ ಸಂಖ್ಯೆ ಹೊಂದಿದರೆ ‘ಕಮಿಟ್’ (ಖಾಯಂ), ಇಲ್ಲದಿದ್ದರೆ ‘ರೋಲ್‌ಬ್ಯಾಕ್’ (ರದ್ದು) ಮಾಡಿ. ಟೇಬಲ್ಲನ್ನು ಸಂಗ್ರಹಿಸುವ ಎಂಜಿನ್ ಹಳೆಯ ಮೈಐಸ್ಯಾಮ್ ಆಗಿದ್ದರೆ ರೋಲ್‌ಬ್ಯಾಕ್‌ನಿಂದ ಏನೂ ಹಿಂದಿರುಗುವುದಿಲ್ಲ, ಇನ್ನೋಡಿಬಿಗೆ ಬದಲಿಸಿಕೊಳ್ಳಬೇಕು. ‘ಟ್ರಂಕೇಟ್’, ‘ಡ್ರಾಪ್’, ‘ಆಲ್ಟರ್’ ಆಜ್ಞೆಗಳನ್ನು ಮೈಎಸ್‌ಕ್ಯೂಎಲ್‌ನಲ್ಲಿ ಹಿಂದಕ್ಕೆ ಪಡೆಯಲಾಗದು, ಪೋಸ್ಟ್‌ಗ್ರೆಸ್‌ನಲ್ಲಿ ಟ್ರಾನ್ಸಾಕ್ಷನ್‌ನೊಳಗಿದ್ದರೆ ಪಡೆಯಬಹುದು. ‘ಸೇಫ್ ಅಪ್‌ಡೇಟ್ಸ್’ ಎಂಬ ಸೆಟ್ಟಿಂಗ್ ಹಾಕಿಟ್ಟರೆ ಕೀಲಿ ಕಾಲಂನ ಷರತ್ತಾಗಲಿ ಸಾಲುಗಳ ಮಿತಿಯಾಗಲಿ ಇಲ್ಲದ ಅಪ್‌ಡೇಟನ್ನು ಅದು ನಿರಾಕರಿಸುತ್ತದೆ. ಬ್ಯಾಕಪ್ ದಿನವೂ ಆಗಲಿ, ಅಂಗಡಿಯ ಕಂಪ್ಯೂಟರ್‌ನಿಂದ ಹೊರಗೆ ಬೇರೆಲ್ಲಿಯಾದರೂ ಇರಲಿ, ತಿಂಗಳಿಗೊಮ್ಮೆಯಾದರೂ ಅದನ್ನು ತೆರೆದು ನೋಡಿ.

ಪ್ರಶ್ನೆ: ಗಂಜ್‌ನಲ್ಲಿ ನಮ್ಮ ಅಡತ್ ಅಂಗಡಿಯಿದೆ. ವರ್ಷದ ವರದಿ ತೆಗೆಯಲು ಬಹಳ ಹೊತ್ತು ಹಿಡಿಯುತ್ತದೆ. ತಾರೀಖಿನ ಕಾಲಂಗೆ ಇಂಡೆಕ್ಸ್ ಹಾಕಿದರೂ ಪ್ರಯೋಜನವಾಗಿಲ್ಲ.
– ಗುಮಾಸ್ತರು, ಕಲಬುರಗಿ

ಉತ್ತರ: ನೀವು ಕಳುಹಿಸಿದ ಕ್ವೆರಿಯಲ್ಲಿ ತಾರೀಖಿನ ಕಾಲಂ ಅನ್ನು ‘ಇಯರ್’ ಫಂಕ್ಷನ್‌ನೊಳಗೆ ಹಾಕಿ 2024ಕ್ಕೆ ಹೋಲಿಸಿದ್ದೀರಿ. ಬೇಗ ಹುಡುಕಲು ನೆರವಾಗುವ ಸೂಚಿಯಾದ ಇಂಡೆಕ್ಸ್ ತಾರೀಖುಗಳ ಕ್ರಮದಲ್ಲಿದೆ, ಫಂಕ್ಷನ್ ಕೊಡುವ ವರ್ಷಗಳ ಕ್ರಮದಲ್ಲಿಲ್ಲ. ಆದ್ದರಿಂದ ಡೇಟಾಬೇಸ್ ಪ್ರತಿ ಸಾಲನ್ನೂ ತೆಗೆದು ವರ್ಷವನ್ನು ಲೆಕ್ಕ ಹಾಕುತ್ತಿದೆ. ಕ್ವೆರಿಯ ಮುಂದೆ ‘ಎಕ್ಸ್‌ಪ್ಲೇನ್’ ಸೇರಿಸಿ ನೋಡಿ, ಬಗೆಯ ಜಾಗದಲ್ಲಿ ‘ಆಲ್’, ಅಂದರೆ ಎಲ್ಲ ಸಾಲುಗಳೂ, ಎಂದು ಬರುತ್ತದೆ. ಕ್ಯಾಲೆಂಡರ್ ವರ್ಷದ ಬದಲು ಆರ್ಥಿಕ ವರ್ಷವನ್ನು ಹಿಡಿದು, 1-4-2024 ಅಥವಾ ಅದರ ನಂತರ, 1-4-2025ಕ್ಕಿಂತ ಮೊದಲು ಎಂದು ಎರಡು ಷರತ್ತುಗಳನ್ನು ಬರೆದರೆ ಅದು ‘ರೇಂಜ್’ ಆಗಬೇಕು. ವೇಗಕ್ಕಿಂತ ದೊಡ್ಡ ಲಾಭವೂ ಇದರಲ್ಲಿದೆ: ತೊಗರಿಯ ಆವಕ ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ ಹರಡಿಕೊಳ್ಳುವುದರಿಂದ ಕ್ಯಾಲೆಂಡರ್ ವರ್ಷದ ವರದಿ ಒಂದೇ ಹಂಗಾಮನ್ನು ನಡುವೆ ಸೀಳುತ್ತಿತ್ತು.

ಪ್ರಶ್ನೆ: ಕನ್ನಡದಲ್ಲಿ ತುಂಬಿದ ಹೆಸರುಗಳಲ್ಲಿ ಕೆಲವು ಪ್ರಶ್ನಾರ್ಥಕ ಚಿಹ್ನೆಗಳಾಗಿವೆ, ಕೆಲವು ಕೊನೆಯಲ್ಲಿ ತುಂಡಾಗಿವೆ. 10 ಅಕ್ಷರಗಳ ಕಾಲಂನಲ್ಲಿ ಏಳೆಂಟು ಅಕ್ಷರದ ಹೆಸರು ಹಿಡಿಸುವುದಿಲ್ಲವೇಕೆ?
– ಗ್ರಂಥಾಲಯ ಸಹಾಯಕರು, ಬಸವಕಲ್ಯಾಣ

ಉತ್ತರ: ಪ್ರಶ್ನಾರ್ಥಕಗಳಾಗಿ ಉಳಿದಿರುವ ಹೆಸರುಗಳು ಹೋದಂತೆಯೇ, ಅವನ್ನು ಮತ್ತೆ ಟೈಪ್ ಮಾಡಬೇಕು. ಟೇಬಲ್, ಕಾಲಂ, ಸಂಪರ್ಕ ಈ ಮೂರರಲ್ಲಿಯೂ ಅಕ್ಷರಸಮೂಹ ‘ಯುಟಿಎಫ್8ಎಂಬಿ4’ ಎಂದಿರಬೇಕು, ಒಂದರಲ್ಲಿ ‘ಲ್ಯಾಟಿನ್1’ ಉಳಿದರೂ ಹೀಗಾಗುತ್ತದೆ. ‘ನುಡಿ’ ತಂತ್ರಾಂಶದ ಹಳೆಯ ಯೂನಿಕೋಡೇತರ ಫಾಂಟ್‌ಗಳಲ್ಲಿ ತುಂಬಿದ ಹೆಸರುಗಳಿದ್ದರೆ ಅವನ್ನು ಪರಿವರ್ತಕದಿಂದ ಯೂನಿಕೋಡ್‌ಗೆ ತಂದ ನಂತರವೇ ಸೇರಿಸಿ.

ತುಂಡಾಗುವುದಕ್ಕೆ ಕಾರಣ ಎಣಿಕೆಯ ವ್ಯತ್ಯಾಸ. ನಿಮ್ಮ ಊರಿನ ಹೆಸರನ್ನೇ ತೆಗೆದುಕೊಳ್ಳಿ: ‘ಬಸವಕಲ್ಯಾಣ’ ನಾವು ಓದುವಾಗ ಆರು ಅಕ್ಷರ. ಯೂನಿಕೋಡ್‌ನಲ್ಲಿ ‘ಲ್ಯಾ’ ಎಂಬುದೊಂದೇ ಲ, ಹಲಂತ, ಯ, ಆ ಸ್ವರಚಿಹ್ನೆ ಎಂದು ನಾಲ್ಕಾಗುವುದರಿಂದ ಒಟ್ಟು 9 ಸಂಕೇತಗಳು. ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್‌ನಂತೆ 27 ಬೈಟ್. ‘ವಾರ್ಚಾರ್’ ಎಣಿಸುವುದು ಈ 9ನ್ನು. ‘ಶ್ರೀ’ ಒಂದೇ ನಾಲ್ಕು ಸಂಕೇತ ಹಿಡಿಯುತ್ತದೆ. ಲೇಖಕರ ಹೆಸರಿಗೆ 100, ಪುಸ್ತಕದ ಹೆಸರಿಗೆ 255 ಇಟ್ಟುಕೊಳ್ಳಿ. ಈಗಾಗಲೇ ತುಂಡಾಗಿರುವವುಗಳನ್ನು ಹುಡುಕಲು, ಕಾಲಂನ ಮಿತಿಗೆ ಸರಿಯಾಗಿ 10 ಸಂಕೇತ ಇರುವ ಹೆಸರುಗಳನ್ನು ‘ಚಾರ್ ಲೆಂತ್’ ಫಂಕ್ಷನ್‌ನಿಂದ ಪಟ್ಟಿ ಮಾಡಿಸಿ, ಪುಸ್ತಕದ ರಕ್ಷಾಪುಟದೊಡನೆ ತಾಳೆ ನೋಡಿ.